ಹಿಂಬದಿಯ ಎಳೆ: ಎರಡು ಬಣ್ಣದ ಹೆಣಿಗೆ ಕಲಿತ ನನ್ನ ಅನುಭವ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಸಮುದಾಯ ಭವನದಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಹೆಣ್ಣುಮಕ್ಕಳ ಕರಕುಶಲ ತರಗತಿ ನಡೆಯುತ್ತದೆ. ಒಂದೇ ಬಣ್ಣದ ಸ್ವೆಟರ್, ಕಾಲುಚೀಲ, ಮಫ್ಲರ್ ಹೆಣೆಯುವುದು ನನಗೆ ಮೊದಲೇ ತಿಳಿದಿತ್ತು. ಒಂದೇ ಸಾಲಿನಲ್ಲಿ ಎರಡು ಬಣ್ಣಗಳನ್ನು ನಡೆಸಿ ಹೂವು, ನಕ್ಷತ್ರ, ಗೋಪುರಗಳನ್ನು ಮೂಡಿಸುವುದನ್ನು ಮಾತ್ರ ಎಷ್ಟೋ ವರ್ಷಗಳಿಂದ ಕಲಿಯಬೇಕೆಂದಿದ್ದೆ. ಕಳೆದ ಮಳೆಗಾಲದಲ್ಲಿ ಆ ತರಗತಿಗೆ ಸೇರಿದೆ. ನಾವು ಹನ್ನೆರಡು ಜನ. ಅರ್ಧದಷ್ಟು ಜನರ ಮನೆಮಾತು ಮರಾಠಿ. ಹೀಗಾಗಿ ಹೆಣಿಗೆಯ ಎರಡು ಮೂಲ ಬಗೆಗಳಿಗೆ ನಾನು ಸೀದಾ–ಉಲ್ಟಾ ಎಂದರೆ ಪಕ್ಕದವರು ಸುಲಟ–ಉಲಟ ಎನ್ನುತ್ತಿದ್ದರು, ಸೂಜಿಯ ಮೇಲೆ ಕೂಡುವ ದಾರದ ಒಂದೊಂದು ಉರುಳಿಗೆ ನಾನು ಕುಣಿಕೆ ಎಂದರೆ ಅವರು ಟಾಕೆ ಎನ್ನುತ್ತಿದ್ದರು. ಕಲಿಸುವ ಅಕ್ಕೋರು ಸೇನೆಯಲ್ಲಿದ್ದ ಯಜಮಾನರೊಂದಿಗೆ ಹಿಮಾಚಲದಲ್ಲಿ ಹಲವು ವರ್ಷ ಇದ್ದವರು. ಹೆಣಿಗೆಯನ್ನು ಅಲ್ಲಿಯ ಚಳಿಯಲ್ಲಿ ಕಲಿತು ಬಂದವರು.

ಅವರು ಮೊದಲ ದಿನ ಹೇಳಿದ್ದು ಇಷ್ಟು. ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್‌ಲ್ಯಾಂಡ್ ದ್ವೀಪಗಳ ನಡುವೆ ಫೇರ್ ಐಲ್ ಎಂಬ ಸಣ್ಣ ದ್ವೀಪವಿದೆ. ಈ ಹೆಣಿಗೆಗೆ ಲೋಕದಲ್ಲಿ ಪ್ರಸಿದ್ಧವಾದ ಹೆಸರು ಆ ದ್ವೀಪದ್ದೇ. ಅಲ್ಲಿಯ ಸ್ವೆಟರಿನಲ್ಲಿ ಎಷ್ಟೇ ಬಣ್ಣಗಳು ಕಂಡರೂ ಸಾಂಪ್ರದಾಯಿಕ ಕ್ರಮದಲ್ಲಿ ಒಂದು ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಬಣ್ಣ ಇರುವುದಿಲ್ಲ. ಒಂದು ಬಣ್ಣ ಕುಣಿಕೆಯಾಗಿ ಮುಂದೆ ಕಾಣುತ್ತಿರುವಾಗ ಇನ್ನೊಂದು ಬಣ್ಣದ ಎಳೆ ಹಿಂಬದಿಯಲ್ಲಿ ಅಡ್ಡಲಾಗಿ ಸಾಗುತ್ತದೆ, ತನ್ನ ಸರದಿ ಬಂದಾಗ ಮುಂದೆ ಬರುತ್ತದೆ. ವಿಧಾನ ಇಷ್ಟೇ, ಒಂದು ಮಧ್ಯಾಹ್ನದಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಕೈಗೆ ಹತ್ತಲು ನನಗೆ ನಾಲ್ಕು ತಿಂಗಳು ಬೇಕಾಯಿತು, ಮತ್ತು ಆ ನಾಲ್ಕು ತಿಂಗಳ ಬಹುಪಾಲು ಹಿಂಬದಿಯ ಆ ಎಳೆಯನ್ನು ಅರಿಯುವುದರಲ್ಲೇ ಕಳೆಯಿತು.

ಮೊದಲಿಗೆ ನನ್ನ ತಂಗಿಯ ಐದು ವರ್ಷದ ಮಗನಿಗೆಂದು ಟೊಪ್ಪಿಗೆ ಹಾಕಿದೆ. ಅವನ ತಲೆಯ ಸುತ್ತಳತೆ 51 ಸೆಂಟಿಮೀಟರ್. ಟೊಪ್ಪಿಗೆ ತಲೆಗಿಂತ ಸ್ವಲ್ಪ ಚಿಕ್ಕದಿದ್ದರೆ ಹಿಗ್ಗಿ ಕೂಡುತ್ತದೆಂದು 47 ಸೆಂಟಿಮೀಟರ್ ಲೆಕ್ಕ ಹಿಡಿದೆ. ಒಂಬತ್ತನೆಯ ನಂಬರಿನ ಸೂಜಿಯಲ್ಲಿ ಒಂದೇ ಬಣ್ಣದ ನಮೂನೆಯ ತುಂಡು ಹೆಣೆದು ಅಳೆದಾಗ 10 ಸೆಂಟಿಮೀಟರಿಗೆ 22 ಕುಣಿಕೆ ಬಂದವು. ಆದ್ದರಿಂದ 104 ಕುಣಿಕೆ ಏರಿಸಿದೆ. ಎಂಟು ಕುಣಿಕೆಗೊಮ್ಮೆ ಮರುಕಳಿಸುವ ಚಿಕ್ಕ ಹೂವು ಆ ಸುತ್ತಿನಲ್ಲಿ ಸರಿಯಾಗಿ 13 ಸಲ ಕೂಡುತ್ತಿತ್ತು. ಲೆಕ್ಕದಲ್ಲಿ ತಪ್ಪಿಲ್ಲವೆಂದು ನೆಮ್ಮದಿಯಿಂದ ಹೆಣೆದೆ. ಮುಗಿದ ಟೊಪ್ಪಿಗೆಯನ್ನು ಮಗುವಿನ ತಲೆಗೆ ಹಾಕಲು ಹೋದರೆ ಅದು ಕಿವಿಯ ಮೇಲೆಯೇ ನಿಂತಿತು. ಕೆಳಗಿನ ಬಾರ್ಡರ್ ಹಿಗ್ಗುತ್ತಿತ್ತು, ಹೂವಿನ ಪಟ್ಟಿ ಮಾತ್ರ ಒಂದು ಕೂದಲೆಳೆಯಷ್ಟೂ ಹಿಗ್ಗಲಿಲ್ಲ. ಅಳೆದು ನೋಡಿದೆ: ಬಣ್ಣದ ಪಟ್ಟಿಯಲ್ಲಿ 10 ಸೆಂಟಿಮೀಟರಿಗೆ 27 ಕುಣಿಕೆಗಳು ಕೂತಿದ್ದವು, ಅಂದರೆ ಸುತ್ತಳತೆ 38 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿತ್ತು.

ಮರುದಿನ ತರಗತಿಗೆ ಒಯ್ದು ತೋರಿಸಿದಾಗ ಅಕ್ಕೋರು ಹೂವನ್ನು ನೋಡಲೇ ಇಲ್ಲ. ಟೊಪ್ಪಿಗೆಯನ್ನು ಕೈಗೆ ತೆಗೆದುಕೊಂಡವರೇ ಒಳಮೈ ಹೊರಗೆ ಮಾಡಿ, “ಮಾರಿ ಆಮ್ಯಾಲೆ ನೋಡೋಣ್ರಿ, ಮೊದಲ ಬೆನ್ನ ನೋಡ್ರಿ” ಎಂದರು. ಹಿಂಬದಿಯ ಎಳೆಗಳೆಲ್ಲ ತಂತಿಯ ಹಾಗೆ ಬಿಗಿದು ನಿಂತಿದ್ದವು. ಒಂದನ್ನು ಅವರು ಬೆರಳ ತುದಿಯಿಂದ ಎತ್ತಲು ನೋಡಿದರು. ಅದು ಮೇಲೇಳಲಿಲ್ಲ, ಬದಲಿಗೆ ಅದರ ಎರಡೂ ತುದಿಯ ಕುಣಿಕೆಗಳು ಒಳಕ್ಕೆ ಜಗ್ಗಿಕೊಂಡವು. ಹೂವಿನ ಪಟ್ಟಿ ಏಕೆ ಸುಕ್ಕುಗಟ್ಟಿ ಏರುಪೇರಾಗಿ ಕಾಣುತ್ತಿತ್ತೆಂಬುದು ಆಗ ತಿಳಿಯಿತು. ಕುಣಿಕೆ ಹಿಗ್ಗಬಲ್ಲದು, ಆದರೆ ಅಡ್ಡಲಾಗಿ ಹೋದ ಎಳೆ ನೇರವಾದ ದಾರ. ಅದು ಎಷ್ಟು ಉದ್ದವಿದೆಯೋ ಅಷ್ಟಕ್ಕೇ ಬಟ್ಟೆಯನ್ನು ಹಿಡಿದು ನಿಲ್ಲಿಸುತ್ತದೆ.

ನನ್ನ ಕೈ ಹಾಗೆ ಬಿಗಿಯಲು ಕಾರಣ ಕಸೂತಿ. ನನ್ನ ಅವ್ವನ ತವರು ಗುಳೇದಗುಡ್ಡ. ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲೆ ಎಳೆ ಎಣಿಸಿ ಕಸೂತಿ ಹಾಕುವುದನ್ನು ನಾನು ಅವಳ ಪಕ್ಕದಲ್ಲಿ ಕೂತು ಕಲಿತೆ. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ದಾರ ಹೋಗುವಾಗ ಅರ್ಧ ಗೆರೆ, ಮರಳುವಾಗ ಉಳಿದರ್ಧ. ಗಂಟಿಲ್ಲ, ಮುಂದೂ ಹಿಂದೂ ಒಂದೇ ರೂಪ. ಅಲ್ಲಿ ದಾರವನ್ನು ಬಟ್ಟೆಗೆ ಅಂಟುವಂತೆ ಎಳೆದು ಕೂಡಿಸಬೇಕು, ಸಡಿಲವಾದರೆ ಗೆರೆ ಸೊಟ್ಟಗಾಗುತ್ತದೆ. ನಲವತ್ತು ವರ್ಷ ಆ ಪಾಠದಲ್ಲಿ ಪಳಗಿದ ಬೆರಳಿಗೆ, ಬಣ್ಣ ಬದಲಾದಾಗಲೆಲ್ಲ ದಾರವನ್ನು ಒಮ್ಮೆ ಜಗ್ಗಿ ಬಿಗಿ ಮಾಡುವುದು ಉಸಿರಾಟದಷ್ಟೇ ಸಹಜವಾಗಿತ್ತು. ಹೆಣಿಗೆಯಲ್ಲಿ ಬಟ್ಟೆ ಮೊದಲೇ ಸಿದ್ಧವಿರುವುದಿಲ್ಲ. ದಾರವೇ ಬಟ್ಟೆಯಾಗುತ್ತ ಹೋಗುತ್ತದೆ. ಆದ್ದರಿಂದ ಗವಂತಿಯ ಬಿಗಿ ಇಲ್ಲಿ ಸಲ್ಲದು. ಇದಕ್ಕೆ ನಿಜವಾದ ಒಡಹುಟ್ಟು ಕಸೂತಿಯ ಇನ್ನೊಂದು ಹೊಲಿಗೆಯಾದ ನೇಗಿ. ನೇಗಿಯಲ್ಲಿ ದಾರ ಉದ್ದ ಗಿಡ್ಡ ಹೆಜ್ಜೆಗಳಲ್ಲಿ ನೇಯ್ಗೆಯಂತೆ ಸಾಗುತ್ತದೆ, ಮುಂದೆ ಮೂಡಿದ್ದು ಹಿಂದೆ ತಿರುವುಮುರುವಾಗಿ ಕಾಣುತ್ತದೆ, ಮತ್ತು ಹೆಜ್ಜೆ ತೀರ ಉದ್ದವಾದರೆ ಬಳೆಗೆ ಸಿಕ್ಕಿಕೊಳ್ಳುತ್ತದೆ. ಈ ಹೋಲಿಕೆ ಹೊಳೆದ ದಿನದಿಂದ ನಕ್ಷೆಯನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಹೂವಿನ ಜೊತೆಗೆ ಹೂವಿನ ಹಿಂದೆ ಓಡುವ ಎಳೆಯ ಉದ್ದವನ್ನೂ ಎಣಿಸತೊಡಗಿದೆ.

ಟೊಪ್ಪಿಗೆಯನ್ನು ಬಾರ್ಡರ್‌ವರೆಗೆ ಬಿಚ್ಚಿ ಮತ್ತೆ ಹೆಣೆದೆ. ಈ ಸಲ ಬಣ್ಣದ ಪಟ್ಟಿಗೆ ಎಂಟನೆಯ ನಂಬರಿನ ಸೂಜಿ ಹಿಡಿದೆ. ನಮ್ಮಲ್ಲಿ ಸಿಗುವ ಸೂಜಿಗಳಲ್ಲಿ ನಂಬರು ಏರಿದಂತೆ ಸೂಜಿ ತೆಳ್ಳಗಾಗುತ್ತದೆ. ಎಂಟನೆಯದು 4 ಮಿಲಿಮೀಟರ್. ಆದರೆ ಸೂಜಿ ಬದಲಿಸಿದ್ದಕ್ಕಿಂತ ಹೆಚ್ಚು ಉಪಯೋಗವಾದದ್ದು ಬೆರಳಿನ ಒಂದು ಸಣ್ಣ ಅಭ್ಯಾಸ. ಬಣ್ಣ ಬದಲಿಸುವ ಮುನ್ನ, ಬಲಗೈ ಸೂಜಿಯ ಮೇಲಿರುವ ಕೊನೆಯ ಆರೇಳು ಕುಣಿಕೆಗಳನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸಿ, ಬಟ್ಟೆ ಮುಂದೆ ಎಷ್ಟು ಅಗಲವಿರಬೇಕೋ ಅಷ್ಟು ಹರವಬೇಕು. ಆಮೇಲೆ ಹೊಸ ಬಣ್ಣದ ಎಳೆಯನ್ನು ಆ ಹರವಿನ ಹಿಂದೆ ಸುಮ್ಮನೆ ಒರಗಿಸಿ ಮೊದಲ ಕುಣಿಕೆ ಹೆಣೆಯಬೇಕು, ಹೆಣೆದ ಮೇಲೆ ಜಗ್ಗಬಾರದು. ಕುಣಿಕೆಗಳು ಸೂಜಿಯ ತುದಿಯಲ್ಲಿ ಒತ್ತೊತ್ತಾಗಿ ನಿಂತಿರುವಾಗಲೇ ಬಣ್ಣ ಬದಲಿಸಿದರೆ ಎಳೆ ಗಿಡ್ಡವಾಗಿಯೇ ತೀರುತ್ತದೆ. ನಾನು ಎರಡು ವಾರ ಪ್ರತಿ ಬದಲಾವಣೆಗೂ “ಹರವು” ಎಂದು ಮನಸ್ಸಿನಲ್ಲಿ ಹೇಳಿಕೊಂಡೇ ಹೆಣೆದೆ. ಟೊಪ್ಪಿಗೆಯ ಮೇಲ್ಭಾಗದಲ್ಲಿ ಸುತ್ತು ಕಿರಿದಾದಾಗ ಅಕ್ಕೋರು ಇನ್ನೊಂದು ಉಪಾಯ ಹೇಳಿಕೊಟ್ಟರು: ಹೆಣಿಗೆಯ ಒಳಮೈಯನ್ನು ಹೊರಕ್ಕೆ ತಿರುಗಿಸಿಟ್ಟುಕೊಂಡು ಹೆಣೆಯುವುದು. ಆಗ ಎಳೆಗಳು ಸುತ್ತಿನ ಹೊರಬದಿಯಲ್ಲಿ ಸಾಗುವುದರಿಂದ ಅವಕ್ಕೆ ತಾವಾಗಿಯೇ ಒಂದಿಷ್ಟು ಹೆಚ್ಚು ಉದ್ದ ಸಿಗುತ್ತದೆ. ಎರಡನೆಯ ಸಲ 10 ಸೆಂಟಿಮೀಟರಿಗೆ 23 ಕುಣಿಕೆ ಬಂದವು. ಸುತ್ತಳತೆ 45 ಸೆಂಟಿಮೀಟರ್ ಆಗಿ, ಮಗುವಿನ ತಲೆಗೆ ಕಿವಿ ಮುಚ್ಚುವ ತನಕ ಇಳಿಯಿತು.

ಎರಡು ದಾರಗಳನ್ನು ಹಿಡಿಯುವ ಬಗೆ ಇನ್ನೊಂದು ಕಲಿಕೆ. ಮೊದಲು ನಾನು ಎರಡನ್ನೂ ಬಲಗೈಯಲ್ಲೇ ಹಿಡಿದು, ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದೆ. ಅರ್ಧ ಗಂಟೆಗೊಮ್ಮೆ ಉಂಡೆಗಳೆರಡೂ ಹೊಸೆದುಕೊಂಡು ಬಿಡಿಸುವ ಕೆಲಸವೇ ಹೆಚ್ಚಾಗುತ್ತಿತ್ತು. ಈಗ ನೆಲದ, ಅಂದರೆ ಹಿನ್ನೆಲೆಯ, ಬಣ್ಣ ಬಲಗೈಯಲ್ಲಿ, ಹೂವಿನ ಬಣ್ಣ ಎಡಗೈ ತೋರುಬೆರಳಿನ ಮೇಲೆ. ಉಂಡೆಗಳು ತೊಡೆಯ ಆಚೆ ಒಂದು, ಈಚೆ ಒಂದು. ಎಡಗೈ ಪಳಗುವವರೆಗೆ ಕುಣಿಕೆಗಳು ಸಣ್ಣ ದೊಡ್ಡ ಆಗುತ್ತಿದ್ದವು, ಆದರೆ ಆ ಶ್ರಮಕ್ಕೆ ತಕ್ಕ ಫಲವಿದೆ. ಹೂವಿನ ಬಣ್ಣವನ್ನೇ ಎಡಗೈಗೆ ಕೊಡುವುದಕ್ಕೂ ಕಾರಣವಿದೆ. ಹಿಂಬದಿಯಲ್ಲಿ ಒಂದು ಎಳೆ ಮೇಲೆ, ಇನ್ನೊಂದು ಕೆಳಗೆ ಸಾಗುತ್ತದೆ. ಎಡಗೈಯದು ಕೆಳಗೆ ಬರುತ್ತದೆ. ಕೆಳಗಿನ ಎಳೆ ಸೂಜಿಯವರೆಗೆ ತುಸು ಹೆಚ್ಚು ದೂರ ಕ್ರಮಿಸುವುದರಿಂದ ಅದರ ಕುಣಿಕೆಗಳು ಕೂದಲೆಳೆಯಷ್ಟು ದೊಡ್ಡವಾಗಿ ಎದ್ದು ಕಾಣುತ್ತವೆ. ಅರ್ಧ ಕೆಲಸದಲ್ಲಿ ಕೈ ಅದಲುಬದಲಾದರೆ ಅಲ್ಲಿಂದ ಮುಂದೆ ಹೂವು ಮಂಕಾಗುತ್ತದೆ. ನಾನಿದನ್ನು ನಂಬಿರಲಿಲ್ಲ, ಒಂದೇ ನಮೂನೆಯ ತುಂಡಿನ ಅರ್ಧವನ್ನು ಒಂದು ಬಗೆಯಲ್ಲಿ, ಉಳಿದರ್ಧವನ್ನು ಇನ್ನೊಂದು ಬಗೆಯಲ್ಲಿ ಹೆಣೆದು ಕಿಟಕಿಯ ಬೆಳಕಿಗೆ ಹಿಡಿದಾಗ ಎರಡು ಬೇರೆ ದಾರಗಳಿಂದ ಹೆಣೆದಂತೆ ಕಂಡಿತು. ಎರಡು ಬಣ್ಣ ಹೆಣೆಯುವ ಪ್ರತಿಯೊಬ್ಬರೂ ಈ ತುಂಡನ್ನು ಒಮ್ಮೆ ಹೆಣೆದು ನೋಡಬೇಕೆಂದು ನನ್ನ ಅಭಿಪ್ರಾಯ.

ಬಣ್ಣದ ಆಯ್ಕೆಯಲ್ಲೂ ನನ್ನ ಕಣ್ಣು ನನ್ನನ್ನು ಮೋಸಗೊಳಿಸಿತು. ಗುಳೇದಗುಡ್ಡದ ಖಣ ನೋಡುತ್ತ ಬೆಳೆದವಳಾದ್ದರಿಂದ ಕಡುಗೆಂಪು ನೆಲಕ್ಕೆ ಕಡುಹಸಿರು ಹೂವು ಎಂದು ಧೈರ್ಯವಾಗಿ ತಂದೆ. ಉಂಡೆಗಳು ಪಕ್ಕಪಕ್ಕದಲ್ಲಿದ್ದಾಗ ಬಹಳ ಚೆನ್ನಾಗಿದ್ದವು; ಹೆಣೆದು ನಾಲ್ಕು ಹೆಜ್ಜೆ ದೂರದಿಂದ ನೋಡಿದರೆ ಹೂವೇ ಇರಲಿಲ್ಲ. ತರಗತಿಯ ಹುಡುಗಿಯೊಬ್ಬಳು ಉಂಡೆಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಪ್ಪು–ಬಿಳುಪು ಮಾಡಿ ತೋರಿಸಿದಳು: ಎರಡೂ ಒಂದೇ ಬೂದು. ಬಣ್ಣ ಬೇರೆಯಾದರೆ ಸಾಲದು, ಒಂದು ಗಾಢ, ಇನ್ನೊಂದು ತಿಳಿ ಇರಬೇಕು. ಈಗ ಅಂಗಡಿಯಲ್ಲೇ ಮೊಬೈಲು ತೆಗೆಯುತ್ತೇನೆ.

ಐದು ಕುಣಿಕೆಗಿಂತ ಹೆಚ್ಚು ದೂರ ಎಳೆ ಸುಮ್ಮನೆ ಓಡಬಾರದು ಎಂಬುದು ನಮ್ಮ ತರಗತಿಯ ನಿಯಮ. ಅದಕ್ಕಿಂತ ಉದ್ದವಾದರೆ ಮಗುವಿನ ಬೆರಳು ಸಿಕ್ಕಿ ಜಗ್ಗುತ್ತದೆ, ಆದ್ದರಿಂದ ನಡುವೆ ಒಮ್ಮೆ ಎಳೆಯನ್ನು ಕುಣಿಕೆಯ ಹಿಂದೆ ಸಿಕ್ಕಿಸಬೇಕು. ಎಡಗೈ ಎಳೆಯನ್ನು ಸಿಕ್ಕಿಸುವುದು ಸುಲಭ: ಸೂಜಿಯನ್ನು ಕುಣಿಕೆಯೊಳಗೆ ಹಾಕಿ, ಎಡಗೈ ಎಳೆಯ ಕೆಳಗಿನಿಂದ ದಾಟಿಸಿ, ಬಲಗೈ ದಾರದಿಂದ ಹೆಣೆಯಬೇಕು, ಮುಂದಿನ ಕುಣಿಕೆಯನ್ನು ಎಂದಿನಂತೆ ಎಡಗೈ ಎಳೆಯ ಮೇಲಿನಿಂದ ಹೆಣೆದರೆ ಎಳೆ ಅಲ್ಲಿ ಕೂತುಬಿಡುತ್ತದೆ. ಆದರೆ ಸುತ್ತು ಸುತ್ತಿಗೂ ಒಂದೇ ಜಾಗದಲ್ಲಿ ಸಿಕ್ಕಿಸಿದರೆ ಮುಂದಿನಿಂದ ಅಲ್ಲೊಂದು ಮಂಕು ಗೆರೆ ಇಣುಕುತ್ತದೆ. ಜಾಗ ಬದಲಿಸುತ್ತ ಹೋಗಬೇಕು.

ದೊಡ್ಡ ಒಂಟಿ ಚಿತ್ರಕ್ಕೆ ಈ ವಿಧಾನ ಹೊಂದುವುದಿಲ್ಲ. ಅದಕ್ಕೆ ಇಂಟಾರ್ಸಿಯಾ ಎಂಬ ಬೇರೆ ಬಗೆ ಇದೆ; ಪ್ರತಿ ಬಣ್ಣದ ತುಂಡಿಗೂ ಬೇರೆ ಚಿಕ್ಕ ಉಂಡೆ, ಎರಡು ಬಣ್ಣ ಸೇರುವಲ್ಲಿ ಪ್ರತಿ ಸಾಲಿನಲ್ಲೂ ದಾರಗಳನ್ನು ಒಂದಕ್ಕೊಂದು ಹೊಸೆಯಬೇಕು, ಇಲ್ಲವಾದರೆ ಅಲ್ಲಿ ಸೀಳು ಬಿಡುತ್ತದೆ. ಇಳಕಲ್ಲಿನ ನೇಕಾರರು ಸೀರೆಯ ಒಡಲ ಹಾಸಿಗೂ (ಮಗ್ಗದ ಉದ್ದೆಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕುವುದನ್ನು ನೋಡಿದವರಿಗೆ ಒಂದು ದಾರ ಇನ್ನೊಂದನ್ನು ಹಿಡಿಯುವ ಈ ಮಾತು ಬೇಗ ತಿಳಿಯುತ್ತದೆ, ಕೈಚಳಕ ಪೂರ್ತಿ ಬೇರೆಯಾದರೂ. ನನಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಆರು ಉಂಡೆಗಳು ತೂಗಾಡುತ್ತಿರುವಾಗ ಹೆಣಿಗೆಯ ಓಟವೇ ನಿಂತುಹೋಗುತ್ತದೆ.

ದಾರದ ವಿಷಯದಲ್ಲಿ ಒಂದು ಮಾತು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಅಕ್ರಿಲಿಕ್. ಅದು ನುಣುಪು, ಹಿಂಬದಿಯ ಎಳೆ ಜಾರುತ್ತದೆ. ಒದ್ದೆ ಮಾಡಿ ಹರವಿ ಒಣಗಿಸಿದರೂ ಕುಣಿಕೆಗಳ ಏರುಪೇರು ಹೋಗುವುದಿಲ್ಲ, ಬಿಸಿ ಇಸ್ತ್ರಿ ಮುಟ್ಟಿಸಿದರೆ ಜೀವ ಕಳೆದುಕೊಂಡು ಜೋಲುತ್ತದೆ. ನಿಜವಾದ ಉಣ್ಣೆಯ ಎಳೆಗಳಲ್ಲಿ ಸೂಕ್ಷ್ಮ ಹುರುಪೆಗಳಿರುವುದರಿಂದ ಅವು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ತೊಳೆದು ಹರವಿದಾಗ ಕುಣಿಕೆಗಳು ಸಮನಾಗಿ ಕೂಡುತ್ತವೆ. ಕಲಿಯುವವರು ಸ್ವಲ್ಪ ದುಬಾರಿಯಾದರೂ ಉಣ್ಣೆಯಲ್ಲೇ ಕಲಿಯಬೇಕೆಂದು ನಾನು ಹೇಳುತ್ತೇನೆ.

ಇದೇ ಯೋಚನೆಯಿಂದ ರಾಮದುರ್ಗದ ಕಡೆ ಕಂಬಳಿ ನೇಯುವ ಪರಿಚಿತರ ಮನೆಯಿಂದ ದಖ್ಖನಿ ಕುರಿಯ ಕಪ್ಪು ಮತ್ತು ಬಿಳಿ ಉಣ್ಣೆಯ ನೂಲು ತಂದೆ. ಬಣ್ಣ ಹಾಕದ ನೂಲು, ಬಲು ಒರಟು. ಮೈಗೆ ತಾಗುವ ಉಡುಪಿಗೆ ಅದು ಚುಚ್ಚುತ್ತದೆ, ಆದ್ದರಿಂದ ಕೈಚೀಲ ಹೆಣೆಯುತ್ತಿದ್ದೇನೆ. ಒರಟುತನವೇ ಇಲ್ಲಿ ಗುಣವಾಯಿತು: ಹಿಂಬದಿಯ ಎಳೆ ಇಟ್ಟಲ್ಲಿಂದ ಅಲುಗುವುದಿಲ್ಲ. ಅವ್ವನ ಕಸೂತಿಯ ತೇರನ್ನು ಗ್ರಾಫ್ ಹಾಳೆಯ ಮೇಲೆ ಇಳಿಸಿಕೊಂಡೆ, ಅಗಲ 24 ಚೌಕ, ಎತ್ತರ 24 ಚೌಕ. ನಮೂನೆ ಹೆಣೆದು ನೋಡಿದರೆ ತೇರು ಕುಳ್ಳಗಾಗಿತ್ತು. ಕುಣಿಕೆ ಚೌಕವಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು; ಆರನೆಯ ನಂಬರಿನ ಸೂಜಿಯಲ್ಲಿ ಈ ನೂಲು 10 ಸೆಂಟಿಮೀಟರಿಗೆ 18 ಕುಣಿಕೆ, 21 ಸಾಲು ಕೊಡುತ್ತದೆ. ಆದ್ದರಿಂದ ತೇರಿನ ಅಂತಸ್ತುಗಳ ನಡುವೆ ನಾಲ್ಕು ಸಾಲು ಸೇರಿಸಿ 28 ಮಾಡಿದೆ. ಈಗ ಅಗಲವೂ ಎತ್ತರವೂ 13 ಸೆಂಟಿಮೀಟರಿನ ಮೇಲೆ ಸಮನಾಗಿವೆ. ಬದಿಗೆ ಹಾಕಿದ ಗಿಳಿ ಮೊದಲ ಸಲ ತೇರಿಗೆ ಬೆನ್ನು ತಿರುಗಿಸಿ ಕೂತಿತು. ಹೆಣಿಗೆಯ ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ, ಬಲದಿಂದ ಎಡಕ್ಕೆ ಓದಬೇಕು. ಹೂವು, ನಕ್ಷತ್ರಗಳಲ್ಲಿ ಎಡಬಲ ಒಂದೇ ಆದ್ದರಿಂದ ನನ್ನ ಓದಿನ ತಪ್ಪು ಅಷ್ಟು ದಿನ ಹೊರಬಿದ್ದಿರಲಿಲ್ಲ.

ತೇರು ಈಗ ಕಳಸದ ಹತ್ತಿರ ಬಂದಿದೆ. ಅಲ್ಲಿ ಬಿಳಿಯದು ಎರಡೇ ಕುಣಿಕೆ, ಅದರಿಂದ ಪಕ್ಕದ ಗಿಳಿಯ ಕೊಕ್ಕಿನವರೆಗೆ ಹದಿಮೂರು ಕುಣಿಕೆ ಬರೀ ಕಪ್ಪು. ಬಿಳಿ ಎಳೆಯನ್ನು ಈ ಸುತ್ತಿನಲ್ಲಿ ಐದನೆಯ ಮತ್ತು ಹತ್ತನೆಯ ಕುಣಿಕೆಯ ಹಿಂದೆ ಸಿಕ್ಕಿಸಿದ್ದೇನೆ, ಮುಂದಿನ ಸುತ್ತಿನಲ್ಲಿ ನಾಲ್ಕನೆಯ ಮತ್ತು ಒಂಬತ್ತನೆಯದರ ಹಿಂದೆ.