ಮ್ಯೂನಿಕ್‌ನಲ್ಲಿ ಒಂದು ವರ್ಷದ ಮಟ್ಟಿಗೆ ಮನೆ ಹಿಡಿದದ್ದು ಹೀಗೆ

ಒಂದು ವರ್ಷದ ಕೆಲಸಕ್ಕೆಂದು ಜರ್ಮನಿಗೆ ಹೊರಟವರು ಸಾಮಾನ್ಯವಾಗಿ ಬಾಡಿಗೆ ಎಷ್ಟು, ಆಫೀಸಿಗೆ ಎಷ್ಟು ದೂರ ಎಂದು ನೋಡುತ್ತಾರೆ. ನಾನು ಮಾಲೀಕರನ್ನು ಮೊದಲು ಕೇಳುತ್ತಿದ್ದದ್ದು ಬೇರೆ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಆಗುತ್ತದೆಯೇ? ಮನೆ ಸೇರಿದ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು ಅಲ್ಲಿನ ಕಾನೂನು. ಅದಕ್ಕೆ ಬಾಡಿಗೆ ಕರಾರು ಸಾಲದು. ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್ ಎಂಬ ಒಂದು ಹಾಳೆ ಬೇಕು. ಮನೆ ಕೊಟ್ಟವರ ಹೆಸರು, ವಿಳಾಸ, ಒಳಬಂದ ದಿನಾಂಕ, ಬಂದವರೆಲ್ಲರ ಹೆಸರು, ಸಹಿ, ಇಷ್ಟೇ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಬಹಳ ತಡವಾದರೆ ಸಂಬಳದಲ್ಲಿ ಆರನೇ ವರ್ಗದ, ಅಂದರೆ ಎಲ್ಲಕ್ಕಿಂತ ಹೆಚ್ಚಿನ, ತೆರಿಗೆ ಕಡಿತವಾಗಬಹುದು. "ನೋಂದಣಿ ಬೇಡ" ಎನ್ನುವವರ ಮನೆ ಎಷ್ಟೇ ಅಗ್ಗವಾದರೂ ನಾನು ಬಿಟ್ಟುಬಿಟ್ಟೆ.

ಬೆಂಗಳೂರಿನಿಂದಲೇ ಗೊತ್ತುಮಾಡಿದ್ದು ಎರಡು ತಿಂಗಳಿಗೆ ಸಾಮಾನು ಸಮೇತದ ಮನೆ ಮಾತ್ರ, ಅದೂ ನೋಂದಣಿ ಆಗುವಂಥದ್ದು. ವರ್ಷದ ಮನೆಯನ್ನು ಕಣ್ಣಾರೆ ನೋಡದೆ ಒಪ್ಪಬಾರದು. "ನಾನು ವಿದೇಶದಲ್ಲಿದ್ದೇನೆ, ಹಣ ಹಾಕಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ" ಎಂದರೆ ಅದು ಮೋಸವೇ.

ತಾತ್ಕಾಲಿಕವಾಗಿ ಹೋಗುವವರಿಗೆ ಒದಗುವುದು ತ್ಸ್ವಿಷನ್‌ಮೀಟ, ಅಂದರೆ ಬಾಡಿಗೆದಾರರೇ ಕೆಲವು ತಿಂಗಳು ಊರು ಬಿಡುವಾಗ ಕೊಡುವ ಮನೆ. ಇಲ್ಲಿ ಮೂಲ ಮಾಲೀಕರ ಲಿಖಿತ ಒಪ್ಪಿಗೆ ನೋಡಲೇಬೇಕು; ಅದಿಲ್ಲದಿದ್ದರೆ ಮಧ್ಯದಲ್ಲಿ ಮನೆ ಖಾಲಿ ಮಾಡಬೇಕಾದೀತು. ಸಾಲ, ಬಿಲ್ಲು ಸರಿಯಾಗಿ ತೀರಿಸುವವರೇ ಎಂದು ತಿಳಿಯಲು ಮಾಲೀಕರು ಕೇಳುವ ಷೂಫಾ ಎಂಬ ದಾಖಲೆ ಹೊಸಬರಿಗೆ ಇರುವುದಿಲ್ಲ. ಅದರ ಬದಲು ಕೆಲಸದ ಕರಾರು, ಸಂಬಳವನ್ನೂ ಅವಧಿಯನ್ನೂ ಬರೆದ ಕಂಪನಿಯ ಪತ್ರ, ಪಾಸ್‌ಪೋರ್ಟ್, ವೀಸಾ, ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿಟ್ಟುಕೊಂಡೆ.

ಜಾಹೀರಾತು ಓದುವುದರಲ್ಲೇ ನಮ್ಮವರು ಎಡವುತ್ತಾರೆ. "2 ತ್ಸಿಮರ್" ಎಂದರೆ ಎರಡು ಬೆಡ್‌ರೂಮ್ ಅಲ್ಲ, ಹಾಲ್ ಸೇರಿ ಎರಡು ಕೋಣೆ. "ಕಾಲ್ಟ್" ಬರೀ ಮನೆಯ ಬಾಡಿಗೆ. "ವಾರ್ಮ್" ಆದರೆ ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಕೂಡ ಸೇರಿರುತ್ತದೆ. ಕರೆಂಟು, ಇಂಟರ್ನೆಟ್ ಹೆಚ್ಚಾಗಿ ಬೇರೆ. ರೇಡಿಯೊ-ಟಿವಿ ಶುಲ್ಕ ಮನೆಗೊಂದರಂತೆ ತಿಂಗಳಿಗೆ 18.36 ಯೂರೊ. ಸಾಮಾನಿಲ್ಲದ ಮನೆಯಲ್ಲಿ ಒಲೆ, ಸಿಂಕ್ ಕೂಡ ಇಲ್ಲದಿರಬಹುದು, ಒಂದು ವರ್ಷಕ್ಕೆಂದು ಅವನ್ನು ಕೊಳ್ಳುವುದು ದಂಡ.

ಹತ್ತು ತಿಂಗಳ ಅಡ್ವಾನ್ಸ್ ಕಂಡ ನಮಗೆ ಠೇವಣಿ ಹಗುರ: ಕಾನೂನಿನಂತೆ ಮೂರು ಕಾಲ್ಟ್ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಮೂರು ಕಂತಿನಲ್ಲಿ ಕೊಡಬಹುದು. ಕಷ್ಟ ಇರುವುದು ಬಿಡುವಾಗ. ಅವಧಿಯಿಲ್ಲದ ಕರಾರಿಗೆ ಮೂರು ತಿಂಗಳ ನೋಟಿಸ್ ಬೇಕು, ಅದೂ ಸಹಿ ಮಾಡಿದ ಕಾಗದದಲ್ಲಿ, ಇಮೇಲ್ ನಡೆಯದು. ಅವಧಿ ನಿಗದಿಯಾದ ಕರಾರನ್ನು ಸಾಮಾನ್ಯವಾಗಿ ಮೊದಲೇ ಮುರಿಯಲಾಗುವುದಿಲ್ಲ. ಪ್ರಾಜೆಕ್ಟ್ ಬೇಗ ಮುಗಿಯುವ ಸಾಧ್ಯತೆ ಇದ್ದರೆ ನಡುವೆ ಬಿಡುವ ಷರತ್ತನ್ನು ಸಹಿಗೆ ಮುಂಚೆ ಬರೆಸಿಕೊಳ್ಳಿ.

ಬೀಗದ ಕೈ ಪಡೆಯುವ ದಿನ ಮೀಟರ್ ಅಂಕಿ, ಕೀಲಿಗಳ ಸಂಖ್ಯೆ, ಗೋಡೆಯ ಪ್ರತಿ ಗೀರು ಹಸ್ತಾಂತರದ ಪತ್ರದಲ್ಲಿ ಬರೆಸಿ ಫೋಟೊ ತೆಗೆದೆ. ಅವತ್ತೇ ಅಂಚೆಪೆಟ್ಟಿಗೆಯ ಮೇಲೆ ಹೆಸರಿನ ಚೀಟಿಯನ್ನೂ ಅಂಟಿಸಿದೆ. ಅಲ್ಲಿ ಫ್ಲಾಟಿಗೆ ನಂಬರ್ ಇರುವುದು ಅಪರೂಪ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ತೆರಿಗೆ ಸಂಖ್ಯೆಯ ಪತ್ರ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.