ಹಳೇ ಮನೆಯ ಪುಟ್ಟ ಬಾತ್‌ರೂಮಿಗೆ ಶವರ್: ಮೊದಲು ನೀರು ಹೋಗುವ ದಾರಿ ನೋಡಿ

ಶವರ್ ಹಾಕಿಸಬೇಕು ಅಂತ ಮನಸ್ಸು ಮಾಡಿದವರು ಮೊದಲು ಅಂಗಡಿಗೆ ಹೋಗುತ್ತಾರೆ. ಹೊಳೆಯುವ ನಲ್ಲಿ, ತಟ್ಟೆಯಗಲದ ಶವರ್ ನೋಡಿ ಬರುತ್ತಾರೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸಾಧಾರಣ ಶವರ್ ನಿಮಿಷಕ್ಕೆ 8-10 ಲೀಟರ್ ನೀರು ಸುರಿಯುತ್ತದೆ. ಆ ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಹರಿಯುತ್ತದೆ, ಎಷ್ಟು ಬೇಗ ಹೊರಗೆ ಹೋಗುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು. ಹಳೇ ಮನೆ ಹಾಳಾಗುವುದು ನೀರು ಬರದೇ ಇರುವುದರಿಂದ ಅಲ್ಲ, ಹೋಗದೇ ನಿಲ್ಲುವುದರಿಂದ.

ನಮ್ಮ ಬಾತ್‌ರೂಮ್ 4 ಅಡಿ ಅಗಲ, 6 ಅಡಿ ಉದ್ದ. ಕಮೋಡ್, ಬೇಸಿನ್ ಎರಡೂ ಅದರೊಳಗೇ. ಉಳಿದ ಜಾಗ ಕಿಟಕಿ ಇರುವ ಕೊನೆಯಲ್ಲಿ ಸುಮಾರು 3 ಅಡಿ. ಒಬ್ಬರು ನಿಂತು ಆರಾಮಾಗಿ ಮೈ ತೊಳೆಯಲು 3 ಅಡಿಗೆ 3 ಅಡಿ ಜಾಗ ಸಾಕು. ಎರಡೂವರೆ ಅಡಿಗಿಂತ ಕಡಿಮೆಯಾದರೆ ಮೊಣಕೈ ಗೋಡೆಗೆ ತಾಗುತ್ತದೆ. ಬಾಗಿಲು ಒಳಗೆ ತೆರೆಯುತ್ತಿದ್ದರೆ ಹೊರಗೆ ತೆರೆಯುವ ಹಾಗೆ ಬದಲಿಸಿ. ಜಾಗ ಉಳಿಯುತ್ತದೆ ಅನ್ನುವುದು ಒಂದು. ಒಳಗೆ ಯಾರಾದರೂ ಜಾರಿ ಬಿದ್ದರೆ ಬಾಗಿಲು ತೆಗೆಯಲು ಆಗಬೇಕು, ಅದು ಇನ್ನೂ ಮುಖ್ಯ.

ಮೊದಲ ಪರೀಕ್ಷೆ ಸುಲಭ. ನೆಲದ ಮೇಲೆ ಎರಡು ಬಕೆಟ್ ನೀರು ಸುರಿದು ನೋಡಿ. ನೀರು ಹೊರಹೋಗುವ ತೂತಿನ ಜಾಲಿಯ ಕಡೆ ತಾನಾಗಿ ಓಡುತ್ತದಾ, ಬಾಗಿಲ ಹತ್ತಿರ ನಿಲ್ಲುತ್ತದಾ? ಜಾಲಿಯ ಮೇಲೆ ಮಡುಗಟ್ಟಿ ಗುಳುಗುಳು ಅಂತ ನಿಧಾನ ಇಳಿದರೆ ಕೆಳಗಿನ ಪೈಪ್ ಸಣ್ಣದಿದೆ ಅಥವಾ ಕಟ್ಟಿಕೊಂಡಿದೆ. ಹೊರಹೋಗುವ ಪೈಪ್ 2 ಇಂಚಿಗಿಂತ ಕಡಿಮೆಯಿದ್ದರೆ ಈಗಲೇ ಬದಲಿಸಿ. ನೆಲ ಒಡೆಯುವುದು ಹೇಗೂ ಇದೆ ಅಲ್ವಾ?

ಎರಡನೆಯದು ಒತ್ತಡ. ನೀರು ಚಾವಣಿಯ ಟ್ಯಾಂಕಿನಿಂದ ಬರುವುದಾದರೆ ಎತ್ತರವೇ ಒತ್ತಡ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಟ್ಯಾಂಕಿನ ನೀರು ಶವರ್‌ಗಿಂತ 2 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.2 ಬಾರ್. ಅಷ್ಟಕ್ಕೆ ಹ್ಯಾಂಡ್ ಶವರ್ ಅಥವಾ ಕಡಿಮೆ ಒತ್ತಡಕ್ಕೆಂದೇ ಮಾಡಿದ ಸಣ್ಣ ಶವರ್ ಸರಿ. ದೊಡ್ಡ ರೇನ್ ಶವರ್ ತಂದರೆ ಸುಮ್ನೆ ತೊಟ್ಟಿಕ್ಕುತ್ತದೆ. ಒತ್ತಡ ಹೆಚ್ಚಿಸುವ ಪಂಪ್ ಸಿಗುತ್ತದೆ, ಆದರೆ ಹಳೇ ಪೈಪ್‌ಗಳನ್ನು ಹಾಗೇ ಬಿಟ್ಟು ಪಂಪ್ ಹಾಕಬೇಡಿ. ಎಲ್ಲಿ ದುರ್ಬಲವೋ ಅಲ್ಲೇ ಒಡೆಯುತ್ತದೆ.

ನಮ್ಮ ಮನೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಪ್ಲಂಬರ್ ಕೊಯ್ದಾಗ ಆ ತುಂಡನ್ನು ಕೈಗೆ ತೆಗೆದುಕೊಂಡು ನೋಡಿದೆ. ಹೊರಗಿಂದ ಗಟ್ಟಿಮುಟ್ಟು. ಒಳಗೆ ಕಂದು ತುಕ್ಕು ಗಂಟುಗಂಟಾಗಿ ಬೆಳೆದು ನಡುವೆ ಪೆನ್ಸಿಲ್ ತೂರುವಷ್ಟೇ ದಾರಿ. ಉಗುರಿನಿಂದ ಕೆರೆದರೆ ಪದರಪದರವಾಗಿ ಉದುರುತ್ತಿತ್ತು. ಹಾಗಾಗಿ ಬಾತ್‌ರೂಮಿಗೆ ಬರುವ ಲೈನ್ ಪೂರ್ತಿ ಹೊಸದು ಮಾಡಿಸಿ. ಬಿಸಿನೀರಿಗೆ ಬಿಸಿ ತಾಳುವ ಪ್ಲಾಸ್ಟಿಕ್ ಪೈಪ್, ಅಂದರೆ ಸಿಪಿವಿಸಿ ಬೇಕು. ಮಾಮೂಲಿ ಗಟ್ಟಿ ಪ್ಲಾಸ್ಟಿಕ್ಕಿನ ಯುಪಿವಿಸಿ ತಣ್ಣೀರಿಗೆ ಮಾತ್ರ. ಎರಡಕ್ಕೂ ಹಚ್ಚುವ ಅಂಟು ಬೇರೆಬೇರೆ, ಅದನ್ನೂ ನೋಡಿಕೊಳ್ಳಿ.

ಪೈಪ್ ಗೋಡೆಯೊಳಗೋ, ಹೊರಗೋ? ನನ್ನ ಮಾತು ಕೇಳುವುದಾದರೆ ಹೊರಗೆ. ಹಳೇ ಮನೆಗಳಲ್ಲಿ ಬಾತ್‌ರೂಮ್ ಗೋಡೆ ಎಷ್ಟೋ ಕಡೆ ನಾಲ್ಕೂವರೆ ಇಂಚು ದಪ್ಪ ಅಷ್ಟೇ. ಮೇಲಿಂದ ಕೆಳಕ್ಕೆ ನೇರ ಕೊರೆಯುವುದಾದರೆ ಗೋಡೆಯ ದಪ್ಪದ ಮೂರರಲ್ಲಿ ಒಂದು ಪಾಲು, ಅಡ್ಡ ಕೊರೆಯುವುದಾದರೆ ಆರರಲ್ಲಿ ಒಂದು ಪಾಲು, ಅದಕ್ಕಿಂತ ಆಳ ಹೋಗಬಾರದು. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಅಡ್ಡಕ್ಕೆ ಸಿಗುವುದು ಮುಕ್ಕಾಲು ಇಂಚು. ಅದರಲ್ಲಿ ಪೈಪೇ ಸರಿಯಾಗಿ ಕೂರುವುದಿಲ್ಲ, ಇನ್ನು ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್ ಎಲ್ಲಿಂದ ಕೂತೀತು? ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆಯಾದರೆ ಒಡೆಯುವ ಮೆಷಿನ್ (ಬ್ರೇಕರ್) ಮುಟ್ಟಿಸಲೇ ಬೇಡಿ. ಗೋಡೆಯ ಹೊರಗೇ ಕೂತು ಬಿಸಿ-ತಣ್ಣೀರು ಬೆರೆಸುವ ವಾಲ್ ಮಿಕ್ಸರ್ ಹಾಕಿ, ಅದರಿಂದ ಮೇಲಕ್ಕೆ ಟೈಲ್ಸ್ ಮೇಲೇ ನಿಲ್ಲುವ ಪೈಪ್ ಏರಿಸಿ. ಸೋರಿದರೆ ಕಣ್ಣಿಗೆ ಕಾಣುತ್ತದೆ, ಸ್ಪ್ಯಾನರ್ ಸಾಕು.

ಮಿಕ್ಸರ್ ನೆಲದಿಂದ ಸುಮಾರು ಮೂರೂವರೆ ಅಡಿ, ಶವರ್ ಆರೂವರೆಯಿಂದ 7 ಅಡಿ. ಮಿಕ್ಸರ್ ಶವರಿನ ನೇರ ಕೆಳಗೇ ಇರಬೇಕೆಂದಿಲ್ಲ. ಬಾಗಿಲ ಕಡೆಗಿನ ಪಕ್ಕದ ಗೋಡೆಯಲ್ಲಿದ್ದರೆ ನೀರಿಗೆ ತಲೆ ಕೊಡದೇ ತಿರುಗಿಸಿ, ಬಿಸಿ ಬರುವವರೆಗೆ ಕಾಯಬಹುದು. ಲೈನಿನಲ್ಲಿ ಗೋಡೆಯೊಳಗೆ ಹೋಗುವಷ್ಟು ಭಾಗವನ್ನು ಮುಚ್ಚುವ ಮೊದಲು ಬಾಯಿಗಳಿಗೆಲ್ಲ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ಕೊಟ್ಟು ಗೇಜಿನ ಮುಳ್ಳು ಇಳಿಯುತ್ತದಾ ನೋಡಿಸಿ. ಪಕ್ಕದಲ್ಲಿ ಟೇಪ್ ಹಿಡಿದು ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಈಗ ಎಲ್ಲಕ್ಕಿಂತ ಜಾಸ್ತಿ ತಾಳ್ಮೆ ಬೇಡುವ ಕೆಲಸ, ವಾಟರ್‌ಪ್ರೂಫಿಂಗ್. ಇಲ್ಲಿ ಆತುರ ಮಾಡುವವರಿಗೆ ಕೆಲಸ ಕೊಡಬೇಡಿ. ನೆಲದ ಕೆಳಗೆ ಮರದ ತೊಲೆ ಇದ್ದರೆ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ. ಹಳೇ ಟೈಲ್ಸ್, ಸಡಿಲ ಗಾರೆ ಎಲ್ಲ ಕಿತ್ತು, ಧೂಳು ಹೋಗುವಂತೆ ತೊಳೆಯಬೇಕು. ಗೋಡೆ, ನೆಲ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಬೇಕು. ಚೂಪು ಮೂಲೆಯಲ್ಲೇ ಪದರ ಮೊದಲು ಬಿರಿಯುವುದು. ಜಾಲಿಯ ಕೆಳಗಿನ, ವಾಸನೆ ತಡೆಯುವ ಟ್ರ್ಯಾಪ್ ಸುತ್ತ, ಪೈಪ್ ತೂರಿದ ಕಡೆಯೆಲ್ಲ ಗಟ್ಟಿಯಾಗಿ ತುಂಬಿಸಿ. ಆಮೇಲೆ ವಾಟರ್‌ಪ್ರೂಫಿಂಗ್ ಲೇಪದ ಒಂದು ಕೋಟ್. ಮೂಲೆಗಳಿಗೆ ಫೈಬರ್ ಜಾಲರಿ. ಒಣಗಿದ ಮೇಲೆ ಎರಡನೇ ಕೋಟ್, ಮೊದಲನೆಯದಕ್ಕೆ ಅಡ್ಡಲಾಗಿ. ನೆಲಕ್ಕೆಲ್ಲ, ಸುತ್ತಲ ಗೋಡೆಗೆ ಒಂದು ಅಡಿ, ಶವರ್ ಇರುವ ಗೋಡೆಗಳಿಗೆ ಆಳೆತ್ತರಕ್ಕಿಂತ ಮೇಲೆ. ಹೊಸ್ತಿಲ ಅಡಿಯನ್ನು ಮರೆಯುವವರೇ ಹೆಚ್ಚು. ಪಕ್ಕದ ಕೋಣೆಯ ಗೋಡೆ ತೇವ ಹಿಡಿಯುವುದು ಅಲ್ಲಿಂದಲೇ.

ಪದರ ಪೂರ್ತಿ ಒಣಗಿದ ಮೇಲೆ ಜಾಲಿ ಮುಚ್ಚಿ, ಬಾಗಿಲಿಗೆ ಸಣ್ಣ ಕಟ್ಟೆ ಕಟ್ಟಿ, 2 ಇಂಚು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆಯಿರಿ. ಪಕ್ಕದಲ್ಲೇ ನೇರ ಬದಿಯ ಪಾತ್ರೆಯಲ್ಲೂ ನೀರಿಟ್ಟು ಗುರುತು ಮಾಡಿ. 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡಿ. ಎರಡೂ ಒಂದೇ ಸಮ ಇಳಿದಿದ್ದರೆ ಅದು ಆವಿಯಾದ ನೀರು. ನೆಲದ್ದು ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ. ಟೈಲ್ಸ್ ಕೂರಿಸಲು ಬಿಡಬೇಡಿ, ಯಾರು ಎಷ್ಟೇ ಅವಸರ ಮಾಡಲಿ.

ವಾಟ, ಅಂದರೆ ನೀರು ಹರಿಯುವ ಇಳಿಜಾರು, ಟೈಲ್ಸಿನಲ್ಲಿ ಬರುವುದಲ್ಲ, ಅದರ ಕೆಳಗಿನ ಗಾರೆಯಲ್ಲೇ ಬರಬೇಕು. ಅಡಿಗೆ ಕಾಲು ಇಂಚು, ಅಂದರೆ ಮೀಟರ್‌ಗೆ ಸುಮಾರು 2 ಸೆಂಟಿಮೀಟರ್, ಬಾಗಿಲಿನಿಂದ ಜಾಲಿಯ ಕಡೆಗೆ. ಜಾಲಿ ನಾಲ್ಕೂ ಕಡೆಯಿಂದ ನೀರು ಎಳೆಯುವಂತಿದ್ದರೆ ಸಣ್ಣ ಟೈಲ್ಸ್ ಬೇಕು. ದೊಡ್ಡದನ್ನು ಎರಡು ಕಡೆ ಬಗ್ಗಿಸಲು ಆಗುವುದಿಲ್ಲ. ಗೋಡೆಯುದ್ದಕ್ಕೆ ಚಾನೆಲ್ ಜಾಲಿ ಹಾಕಿದರೆ ಒಂದೇ ಕಡೆಗೆ ವಾಟ ಸಾಕು, ದೊಡ್ಡ ಟೈಲ್ಸೂ ಕೂರುತ್ತದೆ. ನೆಲಕ್ಕೆ ಮ್ಯಾಟ್ ಟೈಲ್ಸೇ ಇರಲಿ. ಗೋಡೆ-ನೆಲದ ಸಂದಿಗೆ ಗ್ರೌಟ್ ಬದಲು ಸಿಲಿಕೋನ್ ತುಂಬಿಸಿ. ವಯಸ್ಸಾದವರಿದ್ದರೆ ಹಿಡಿಕೆಯ ಜಾಗವನ್ನು ಈಗಲೇ ಗುರುತು ಮಾಡಿ. ಅದರ ತೂತುಗಳು ವಾಟರ್‌ಪ್ರೂಫಿಂಗ್ ಪದರವನ್ನು ಸೀಳುತ್ತವೆ, ಸ್ಕ್ರೂ ಹಾಕುವ ಮೊದಲು ಸಿಲಿಕೋನ್ ತುಂಬಲೇಬೇಕು.

ಗಾಜಿನ ಬಾಗಿಲು 4 ಅಡಿ ಅಗಲದಲ್ಲಿ ತೊಡಕು. 2 ಅಡಿಯ ನಿಂತ ಗಾಜು ಅಥವಾ ಪರದೆ ಸಾಕು. ಗಾಜಾದರೆ ಬಿಸಿಯಲ್ಲಿ ಗಟ್ಟಿ ಮಾಡಿದ ಟಫನ್ಡ್ ಮಾತ್ರ.

ಕರೆಂಟಿನ ವಿಷಯದಲ್ಲಿ ರಾಜಿ ಬೇಡ. ಸ್ವಿಚ್‌ಗಳು ಬಾತ್‌ರೂಮಿನ ಹೊರಗೆ, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಾನಾಗಿ ಕಡಿತ ಮಾಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಶವರ್ ಎಬ್ಬಿಸುವ ಹಬೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಕೂಡ ಬೇಕು, ಇಲ್ಲದಿದ್ದರೆ ಚಾವಣಿಗೆ ಬೂಷ್ಟು ಹಿಡಿಯುತ್ತದೆ.

ಇನ್ನು ಶವರ್ ಕೊಳ್ಳಬಹುದು. ತಂದ ಕೂಡಲೇ ತಿರುಗಿಸಿ ಕೂರಿಸಬೇಡಿ. ಬರೀ ಪೈಪಿನಿಂದ ಬಿಸಿ, ತಣ್ಣೀರು ಎರಡನ್ನೂ ಸ್ವಲ್ಪ ಹೊತ್ತು ಬಿಡಿ. ಪೈಪ್ ಕೊಯ್ದಾಗಿನ ಪುಡಿ, ಮರಳು ಎಲ್ಲ ಹೊರಗೆ ಬರಲಿ. ಇಲ್ಲದಿದ್ದರೆ ಹೊಸ ಶವರಿನ ತೂತುಗಳು ಮೊದಲ ದಿನವೇ ಕಟ್ಟಿಕೊಳ್ಳುತ್ತವೆ.