ಗಾಂಜಾ ಸುದ್ದಿ ಓದುವಾಗ ಕೈಯಲ್ಲಿ ಪೆನ್ನಿರಲಿ

ಕಬ್ಬಿನ ನಡುವೆ ಗಾಂಜಾ ಬೆಳೆ, ಇಷ್ಟು ಕೆಜಿ ಜಪ್ತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜಿಲ್ಲಾ ಪುಟಗಳಿಗೆ ಈ ತಲೆಬರಹ ಹೊಸದಲ್ಲ. ಮೊದಲು ತೂಕದ ಕೆಳಗೆ ಗೆರೆ ಎಳೆಯಿರಿ. ಹಸಿಯೋ, ಒಣಗಿದ್ದೋ? ಕಿತ್ತ ಗಿಡವನ್ನು ಬೇರು, ಕಾಂಡ, ಎಲೆ ಸಮೇತ ತಕ್ಕಡಿಗೆ ಹಾಕಿದರೆ ಅರ್ಧಕ್ಕಿಂತ ಹೆಚ್ಚು ತೂಗುವುದು ನೀರೇ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂ ಅಥವಾ ಕಾಯಿ ಕಟ್ಟಿದ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. 1 ಕೆಜಿವರೆಗೆ ಅಲ್ಪ ಪ್ರಮಾಣ, 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಸಜೆ. ಹೀಗಾಗಿ ಏನನ್ನು ತೂಗಿದರು ಎಂಬುದರ ಮೇಲೆಯೇ ವಾದ ನಡೆಯುತ್ತದೆ. ಗಿಡ ಬೆಳೆಸಿದ್ದಕ್ಕೆ ಮಾತ್ರ ತೂಕದ ಲೆಕ್ಕವಿಲ್ಲ, 10 ವರ್ಷದವರೆಗೆ ಸಜೆ ಉಂಟು. ‘ಲಕ್ಷಾಂತರ ಮೌಲ್ಯ’ ಎಂದಿದ್ದರೆ, ಹಸಿ ತೂಕಕ್ಕೆ ಒಣ ಮಾಲಿನ ದರ ಹಚ್ಚಿದ್ದಾರೋ ನೋಡಿ.

‘ಗಾಂಜಾ ಮತ್ತಿನಲ್ಲಿ’ ಎಂಬ ಮಾತು ಇನ್ನೂ ಮೋಸದ್ದು. ಮೂತ್ರ ಪರೀಕ್ಷೆ ಹುಡುಕುವುದು ಗಾಂಜಾದಲ್ಲಿರುವ ಅಮಲೇರಿಸುವ ರಾಸಾಯನಿಕ ಟಿಎಚ್‌ಸಿಯನ್ನಲ್ಲ, ದೇಹ ಅದನ್ನು ಕರಗಿಸಿದ ಮೇಲೆ ಉಳಿಯುವ ವಸ್ತುವನ್ನು. ಟಿಎಚ್‌ಸಿ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಬೀಳುತ್ತದೆ. ಒಮ್ಮೆ ಸೇದಿದವನಲ್ಲಿ ಮೂರ್ನಾಲ್ಕು ದಿನ, ದಿನಾ ಚಿಲುಮೆ ಹಿಡಿಯುವವನಲ್ಲಿ ವಾರಗಟ್ಟಲೆ ಗುರುತು ಸಿಗಬಹುದು. ಅಮಲು ಇಳಿದು ಎಷ್ಟೋ ದಿನವಾಗಿರುತ್ತದೆ. ‘ಮತ್ತಿನಲ್ಲಿ’ ಎಂಬುದನ್ನು ಹೊಡೆದುಹಾಕಿ ‘ಹಿಂದೆ ಸೇದಿದ್ದ’ ಎಂದು ಬರೆದು ಮತ್ತೊಮ್ಮೆ ಓದಿ. ಅಪಘಾತದ ಅರ್ಧ ಸುದ್ದಿಗಳು ಅಲ್ಲೇ ಸಪ್ಪೆಯಾಗುತ್ತವೆ. ಕುಡಿದಿದ್ದ ವಿಷಯ ಕೊನೆಯ ಸಾಲಿನಲ್ಲಿ ಅಡಗಿದೆಯೋ ಅದನ್ನೂ ನೋಡಿ.

ಸಂಶೋಧನೆಯ ಸುದ್ದಿಯಾದರೆ ‘ಪಟ್ಟು’ ಎಂಬ ಪದ ಹುಡುಕಿ. ಸ್ವೀಡನ್ನಿನಲ್ಲಿ ಸೇನೆಗೆ ಸೇರುವ ಯುವಕರ ಮೇಲೆ ನಡೆದ, 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 50ಕ್ಕೂ ಹೆಚ್ಚು ಸಲ ಸೇದಿದವರಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದ ಸಂಭವ ಸೇದದವರಿಗಿಂತ ಆರು ಪಟ್ಟು ಕಂಡಿತ್ತು. ಆರು ಪಟ್ಟು ಯಾವುದಕ್ಕೆ? ಆ ಕಾಯಿಲೆ ಬರುವುದೇ ನೂರರಲ್ಲಿ ಹೆಚ್ಚೆಂದರೆ ಒಬ್ಬರಿಗೆ. ಬೇರೆ ಕಾರಣಗಳನ್ನು ಕಳೆದಾಗ ಆ ಅಂಕಿಯೂ ಇಳಿಯಿತು, ಆದರೆ ಮಾಯವಾಗಲಿಲ್ಲ. ಎಳೆ ವಯಸ್ಸು, ದಿನನಿತ್ಯದ ಚಟ, ಟಿಎಚ್‌ಸಿ ಹೆಚ್ಚಿರುವ ಮಾಲು ಸೇರಿದರೆ ಅಪಾಯ ಏರುತ್ತದೆ.

‘ಗಿಡಮೂಲಿಕೆ, ಕ್ಯಾನ್ಸರ್ ವಾಸಿ’ ಎನ್ನುವ ವಾಟ್ಸಾಪ್ ಸಂದೇಶಕ್ಕೂ ಇದೇ ತಕ್ಕಡಿ: ಪರೀಕ್ಷೆ ನಡೆದದ್ದು ಗಾಜಿನ ತಟ್ಟೆಯಲ್ಲೋ, ಇಲಿಯ ಮೇಲೋ, ಮನುಷ್ಯರ ಮೇಲೋ?

ಬಂಧನದ ಸುದ್ದಿ ದೊಡ್ಡದಾಗಿ ಬರುತ್ತದೆ, ತೀರ್ಪಿನದು ಬರುವುದೇ ಅಪರೂಪ. ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ, ಇಸವಿ ಗುರುತು ಹಾಕಿಕೊಂಡಿದ್ದರೆ ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣ ಎಲ್ಲಿಗೆ ಬಂತೆಂದು ನೀವೇ ನೋಡಬಹುದು.